ಎರಡು ಸೆಕೆಂಡು

ಕೀ ಮುಟ್ಟಬೇಡ ತಿಮ್ಮೇಶ, ಇನ್ನೂ ಕೆಲಸ ಇದೆ.
ಬ್ಯಾಟರಿಯ ನೆಗೆಟಿವ್ ಬಿಚ್ಚು. ಬೀಡಿಯವರನ್ನೆಲ್ಲ
ಆಚೆ ಕ್ಯಾಂಟೀನಿಗೆ ಅಟ್ಟು.
ಪೆಟ್ರೋಲು ಡೀಸೆಲ್ಲಿನ ಹಾಗಲ್ಲ,
ಅದಕ್ಕೆ ಬೀಡಿ ಬೇಕಾಗಿಲ್ಲ, ಬೀಡಿಯ ಸುದ್ದಿ ಸಾಕು.

ಸಾಗರ ರಸ್ತೆಯ ಈ ಆಟೋ ಕಾಂಪ್ಲೆಕ್ಸಿನಲ್ಲಿ
ಇಪ್ಪತ್ತೆರಡು ವರ್ಷ ಲಾರಿಗಳ ಪಂಪು ಬಿಚ್ಚಿದ್ದೇನೆ.
ಎಡಗಿವಿ ಆ ಲೆಕ್ಕಕ್ಕೇ ಜಮಾ ಆಯಿತು.
ಕಾಂಟೆಸ್ಸಾ ಬಂದ ದಿನ ನಕ್ಕಿದ್ದೆ:
ಮದುವೆಮನೆಯ ಸೋಫಾಕ್ಕೆ ಚಕ್ರ ಕಟ್ಟಿದಂಥ ಗಾಡಿ,
ಬಾನೆಟ್ಟಿನ ಕೆಳಗೆ ಮುಂಬೈ ಗುಜರಿಯಿಂದ ಬಂದ ಸೂಪರ್‌ಚಾರ್ಜರ್.
ಹಾಲೇಶಪ್ಪನವರಿಗೆ ರೈಸ್ ಮಿಲ್ಲಿನ ಬೆಲ್ಟು ನೋಡಿ ನೋಡಿ
ಬೆಲ್ಟು ಇದ್ದಲ್ಲೆಲ್ಲ ಪ್ರೀತಿ.

ಅದು ಗಾಳಿಯನ್ನು ಹಿಡಿದು, ಹಿಂಡಿ,
ಎಂಜಿನ್ನಿನ ಬಾಯಿಗೆ ತುರುಕುತ್ತದೆ.
ಗಾಳಿ ಬಿಟ್ಟಿ. ಜೊತೆಗೆ ಕಲಸಲು
ಪೆಟ್ರೋಲು ಬೇಡವೇ?
ಸೇರು ಅಕ್ಕಿ ಇಟ್ಟುಕೊಂಡು
ಇಡೀ ಬೀದಿಯನ್ನು ಊಟಕ್ಕೆ ಕರೆದ ಹಾಗಾಯಿತು ಹೋದ ತಿಂಗಳು.
ಕುಂಸಿ ದಾಟಿ, ಐದು ಸಾವಿರ ಆರ್‌ಪಿಎಂ,
ಮೂರನೇ ಪಿಸ್ಟನ್ನಿನ ನೆತ್ತಿಯಲ್ಲಿ ತೂತು,
ಕಿರುಬೆರಳು ಸಲೀಸಾಗಿ ಹೋಗುವಷ್ಟು.

ಇಲ್ಲೇ ಇದೆ, ಆಫೀಸಿನ ಕಿಟಕಿ ಕಟ್ಟೆಯ ಮೇಲೆ.
ಗಿರಾಕಿಗಳು ಅದರೊಳಗೆ ಬೂದಿ ಉದುರಿಸುತ್ತಾರೆ,
ಬೂದಿ ಕಟ್ಟೆಗೇ ಬೀಳುತ್ತದೆ.

ಈ ಸಲ ಎಲ್ಲ ಹೊಸದು.
ಟ್ಯಾಂಕು ಇಳಿಸಿದರೆ ತಳದಲ್ಲಿ ಮೂವತ್ತು ವರ್ಷದ ಕೆಸರು,
ಒಂದು ಹಸಿರು ಗೋಲಿ, ಯಾವ ಮಗುವಿನದೋ.
ಮೂರು ಸಲ ನೀರು ತುಂಬಿ ಚೆಲ್ಲಿದ ಮೇಲೆಯೇ
ಒಳಗೆ ತಡೆಗೋಡೆಯ ಬೆಸುಗೆ,
ಆಗುಂಬೆಯ ತಿರುವಿನಲ್ಲೂ ಪಂಪಿನ ಬಾಯಿ ಒಣಗಬಾರದೆಂದು.
ಹೋಗಲಿಕ್ಕೆ ದಪ್ಪ ಲೈನು, ಮಿಕ್ಕದ್ದು ವಾಪಸು ಬರಲಿಕ್ಕೆ ಇನ್ನೊಂದು,
ನಾಲ್ಕು ದೊಡ್ಡ ಇಂಜೆಕ್ಟರು.
ಓ-ರಿಂಗಿಗೆ ಎಣ್ಣೆ ಸವರಿ ಒತ್ತು ಅಂದಿದ್ದೆ,
ಹಸುಗೂಸಿಗೆ ಬಳೆ ತೊಡಿಸುವ ಹಾಗೆ.
ತಿರುಚಿದರೆ ಸೀಳುತ್ತದೆ.

ರೆಗ್ಯುಲೇಟರಿನ ತಲೆಯ ಮೇಲಿನ ಈ ಸಣ್ಣ ಪೈಪು
ನೇರ ಮ್ಯಾನಿಫೋಲ್ಡಿಗೆ.
ಗಾಳಿ ಎಂಟು ಪೌಂಡು ಏರಿದರೆ ಪೆಟ್ರೋಲೂ ಎಂಟು ಏರಬೇಕು,
ನಲವತ್ತಮೂರು ಇದ್ದದ್ದು ಐವತ್ತೊಂದು.
ಒಬ್ಬರು ದನಿ ಏರಿಸಿದರೆ ಇನ್ನೊಬ್ಬರು ಇಳಿಸಬೇಕು ಅಂತಾರಲ್ಲ,
ಅದು ಸಂಸಾರಕ್ಕೆ.

ಸಂಜೆ ಪಂಪಿಗೆ ಮಾತ್ರ ಕರೆಂಟು ಕೊಟ್ಟು
ಒಂದೊಂದು ಜೋಡಣೆಗೂ ಪೇಪರಿನ ತುಂಡು ಸುತ್ತಿದ್ದೆ.
ಹನಿ ಸುಳ್ಳು ಹೇಳಬಹುದು, ಆರಿಹೋಗಬಹುದು,
ಕಾಗದಕ್ಕೆ ನೆನಪಿರುತ್ತದೆ.
ಎರಡನೇ ಇಂಜೆಕ್ಟರಿಗೆ ಸುತ್ತಿದ್ದು ಬಂಗಾರದ ದರ.
ಟೀ ಕುಡಿದು ಬಂದೆ.
ಈಗ ಅಲ್ಲಿ ಕಬಡ್ಡಿ ಪಂದ್ಯದ ಫೋಟೋ,
ಇಸ್ತ್ರಿ ಹಾಕಿದಷ್ಟು ಒಣಗಿದ್ದು.

ಬಂಗಾರ ಎಲ್ಲಿ ತಿಮ್ಮೇಶ?

ಬಯ್ಯುವುದಿಲ್ಲ, ತಲೆ ಎತ್ತು.
ಆಯನೂರಿನ ಕೊನೆ ಬಸ್ಸು ಒಂಬತ್ತಕ್ಕೆ, ಗೊತ್ತು.
ಸಾಸಿವೆಯಷ್ಟು ಕಲೆ, ಯಾರಿಗೆ ಕಾಣುತ್ತೆ ಅಂದುಕೊಂಡೆ.
ನಾನೂ ಅಂದುಕೊಂಡಿದ್ದೆ.
ಹಳೇ ಪಂಪೇ ಸಾಕು, ನಾನಿದ್ದೀನಲ್ಲ ಅಂತ
ಹಾಲೇಶಪ್ಪನವರ ಹೆಗಲು ತಟ್ಟಿದ್ದು ಇದೇ ಕೈ.
ತೂತಾದ ಮೇಲೆ, ಪೆಟ್ರೋಲಿನಲ್ಲಿ ನೀರಿತ್ತು ಅಂದೆ.
ಬಂಕಿನ ಹುಡುಗನ ಜೊತೆ ಅವರು ಜಗಳ ಕಾಯುವಾಗ
ಪಕ್ಕದಲ್ಲೇ ನಿಂತಿದ್ದೆ,
ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತ.
ಆ ಹುಡುಗನಿಗೂ ನಿನ್ನದೇ ವಯಸ್ಸು.

ಹೊಸ ಓ-ರಿಂಗು ಡಬ್ಬಿಯಲ್ಲಿದೆ, ಹಾಕು.
ಬಸ್ಸು ತಪ್ಪಿದರೆ ಸ್ಕೂಟರಿನಲ್ಲಿ ಬಿಡುತ್ತೇನೆ.

ಆಯಿತಾ? ಬ್ಯಾಟರಿ ಜೋಡಿಸು.
ಈಗ ಕೀ. ಒಂದೇ ತಿರುವು, ಸ್ಟಾರ್ಟ್ ಇವತ್ತು ಬೇಡ.
ಪಂಪು ಎರಡು ಸೆಕೆಂಡು ಗುಂಯ್ ಅಂದು
ಲೈನು ತುಂಬಿಸಿ ಸುಮ್ಮನಾಗಬೇಕು.
ನನ್ನ ಕಿವಿಯನ್ನು ನಂಬುವ ಹಾಗಿಲ್ಲ,
ಟ್ಯಾಂಕಿಗೆ ಅಂಗೈ ಒತ್ತಿ ಕೂತಿದ್ದೇನೆ.
ನೀನು ಕೇಳು.
ಕೇಳಿದ್ದನ್ನೇ ಹೇಳು.